ಸಣ್ಣ ವ್ಯಾಪಾರಿ ಮತ್ತು ಊರಿನ ಋಣ

(ಗುಂಡ್ಲುಪೇಟೆಯಲ್ಲಿ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



 

ಗುಂಡ್ಲುಪೇಟೆಯ ವ್ಯಾಪಾರಿಗೆ ಸಂಜೆಯ ಹೊತ್ತೆಂದರೆ ಏನೆಂಬುದು ನಮಗೆ ತಿಳಿದಿದೆ. ರಾತ್ರಿ 9ರಿಂದ ಬೆಳಗಿನ 6ರವರೆಗೆ ಬಂಡೀಪುರದ ಕಾಡಿನ ದಾರಿಯಲ್ಲಿ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ವಯನಾಡಿಗೋ ಊಟಿಗೋ ಹೋಗುವವರು ಅದಕ್ಕೆ ಮುಂಚೆ ದಾಟಬೇಕು. ಹೋಗುವ ಮುನ್ನ ಒಂದು ಲೋಟ ಚಹಾ, ಒಂದು ಚಿಪ್ಪು ಬಾಳೆಹಣ್ಣು, ಒಂದು ಪಂಕ್ಚರ್. ಆ ಹೊತ್ತನ್ನು ಬಿಟ್ಟು ನೀವು ಇಲ್ಲಿ ಕುಳಿತಿದ್ದೀರಿ. ಆದ್ದರಿಂದ ಉಪದೇಶ ಮಾಡಿ ನಿಮ್ಮ ಸಮಯ ಕಳೆಯುವ ಹಕ್ಕು ನಮಗಿಲ್ಲ. ಒಂದೇ ಒಂದು ವಿಷಯವನ್ನು ನಿಮ್ಮ ಮುಂದಿಟ್ಟು ಮುಗಿಸುತ್ತೇವೆ.

ಸಮಾಜಕ್ಕೆ ಕೊಡುಗೆ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದೇನು? ವೇದಿಕೆ, ಶಾಲು, ಹಾರ, ದಾನಿಯ ಹೆಸರು ಬರೆದ ಸೀಲಿಂಗ್ ಫ್ಯಾನು. ಇದನ್ನು ನೋಡುವ ಸಣ್ಣ ವ್ಯಾಪಾರಿ, 'ಅದೆಲ್ಲ ದೊಡ್ಡವರ ಕೆಲಸ, ನಮ್ಮ ಹತ್ತಿರ ಏನಿದೆ?' ಎಂದು ಸುಮ್ಮನಾಗುತ್ತಾನೆ. ನಿಜವಾಗಿ, ದೊಡ್ಡ ಶ್ರೀಮಂತರ ಬಳಿ ಇಲ್ಲದ ಒಂದು ಸಂಪತ್ತು ಅವನ ಬಳಿ ಇದೆ. ತನ್ನ ಬೀದಿಯ ಯಾವ ಮನೆಯಲ್ಲಿ ಈ ತಿಂಗಳು ಅಕ್ಕಿ ಅರ್ಧಕ್ಕಿಳಿಯಿತು, ಯಾವ ಮನೆಯ ತಾಯಿ ಹಾಲಿನ ಪ್ಯಾಕೆಟನ್ನು ನಿಲ್ಲಿಸಿದಳು, ಯಾರ ಮಗ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ, ಇವೆಲ್ಲ ಅವನಿಗೆ ಗೊತ್ತು. ಯಾವ ಸರಕಾರಿ ಸಮೀಕ್ಷೆಗೂ ಸಿಗದ ಮಾಹಿತಿ ಅವನ ಉದ್ರಿ ಪುಸ್ತಕದಲ್ಲಿದೆ.

ಹಾಗಿದ್ದರೆ, 2025ರ ಜನವರಿಯಲ್ಲಿ ನಮ್ಮ ಉದ್ರಿ ಪುಸ್ತಕಗಳು ಏನು ಮಾಡುತ್ತಿದ್ದವು?

ಆ ತಿಂಗಳು ಇಡೀ ರಾಜ್ಯ ಚಾಮರಾಜನಗರದ ಕಡೆಗೆ ನೋಡಿತು. ಮೈಕ್ರೋ ಫೈನಾನ್ಸ್ ಕಂತು ಕಟ್ಟಲಾಗದೆ, ವಸೂಲಿಗೆ ಬಂದವರ ಮಾತು ತಾಳಲಾರದೆ, ಹೆಗ್ಗವಾಡಿಪುರವೂ ಸೇರಿದಂತೆ ತಾಲೂಕಿನ ಹಳ್ಳಿಗಳಿಂದ ಕುಟುಂಬಗಳು ಮನೆಗೆ ಬೀಗ ಹಾಕಿ ಹೊರಟುಹೋದವು. ಸಾಲ ತೀರಿಸಲು ಕಿಡ್ನಿ ಮಾರಲು ಅನುಮತಿ ಕೊಡಿ ಎಂದು ಬಾಲಕನೊಬ್ಬ ಬೇಡಿಕೊಂಡದ್ದು ಸುದ್ದಿಯಾಯಿತು. 1997ರಲ್ಲಿ ಜಿಲ್ಲೆಯಾಗಿ ರೂಪುಗೊಂಡಾಗ ನಮ್ಮವರು ಕಂಡ ಕನಸು ಇದಾಗಿರಲಿಲ್ಲ. 2025ರ ಫೆಬ್ರವರಿ 12ರಂದು ಸರಕಾರ ಬಲವಂತದ ವಸೂಲಿಯನ್ನು ತಡೆಯುವ ಅಧ್ಯಾದೇಶವನ್ನು ಜಾರಿಗೊಳಿಸಿತು. ಬಳಿಕ ಅದು ಕಾಯ್ದೆಯಾಯಿತು. ತಪ್ಪಿತಸ್ಥರಿಗೆ 10 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಸ್ವಾಗತಾರ್ಹ ಹೆಜ್ಜೆಯೇ. ಆದರೆ ಕಾನೂನು ವಸೂಲಿಗಾರನ ಕೈಯನ್ನು ಹಿಡಿಯಬಹುದು, ಆಸ್ಪತ್ರೆಯ ಬಿಲ್ಲನ್ನು ಕಟ್ಟಲಾರದು. ಆ ತಾಯಿ ಸಾಲಕ್ಕೆ ಹೋದದ್ದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ವ್ಯವಹಾರ ನಡೆಯುವ ಬಗೆಯನ್ನು ಸ್ವಲ್ಪ ನೋಡಿ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮದಂತೆ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಅದೇ ನಿಯಮದಲ್ಲಿ ಬಡ್ಡಿಗೆ ಇದ್ದ ಮಿತಿಯನ್ನು ತೆಗೆಯಲಾಯಿತು. ಬಡ್ಡಿ ಶೇ. 20ನ್ನು ದಾಟುವುದು ಇಲ್ಲಿ ಅಪರೂಪವಲ್ಲ. ಹತ್ತು ಹೆಂಗಸರ ಗುಂಪು. ಒಬ್ಬಳು ಕಟ್ಟದಿದ್ದರೆ ಉಳಿದ ಒಂಬತ್ತು ಮಂದಿ ಅವಳ ಮನೆ ಬಾಗಿಲಿಗೆ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ, ಅದರ ಕಂತಿಗೆ ದಿನಬಡ್ಡಿಯವನು. ಹೀಗೆ ಐದೋ ಹತ್ತೋ ಸಾವಿರದ ಅಗತ್ಯವು ಎರಡು ಮೂರು ವರ್ಷಗಳಲ್ಲಿ ಊರು ಬಿಡಿಸುವ ಸಾಲವಾಗಿ ಬೆಳೆಯುತ್ತದೆ.

ಸಹೋದರರೇ, ಆ ಮೊದಲ ಐದು ಸಾವಿರ ರೂಪಾಯಿ ಎಲ್ಲಿತ್ತು? ಅದು ದೂರದ ನಗರದಲ್ಲಿರಲಿಲ್ಲ. ಅದೇ ಬೀದಿಯ ನಾಲ್ಕು ಗಲ್ಲಾಪೆಟ್ಟಿಗೆಗಳಲ್ಲಿ ಇತ್ತು. ಕೇಳುವವರಿಗೆ ನಾಚಿಕೆ, ಕೊಡುವವರಿಗೆ ಭಯ. ಇವೆರಡರ ನಡುವೆ ಬೈಕಿನಲ್ಲಿ ಬಂದ ಏಜೆಂಟ್ ಕುಳಿತುಕೊಂಡ.

ನಿಮ್ಮ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. 'ಇಂದು ನಗದು, ನಾಳೆ ಸಾಲ' ಎಂಬ ಬೋರ್ಡನ್ನು ಯಾರೂ ತಮಾಷೆಗೆ ಹಾಕಿದ್ದಲ್ಲ. 'ಸಾಬ್ರೇ, ಇವತ್ತೂ ಬರ್ಕೊಬುಡಿ' ಎಂದವರು ಮರುತಿಂಗಳಿಂದ ಬೇರೆ ಬೀದಿಯಲ್ಲಿ ನಡೆದುಹೋದ ಅನುಭವ ನಿಮ್ಮಲ್ಲಿ ಅನೇಕರಿಗಿದೆ. 2016ರ ನೋಟು ರದ್ದತಿ, 2020ರ ಲಾಕ್‌ಡೌನ್, ಈಗ ಮೊಬೈಲಿನಲ್ಲಿ ತರಿಸಿಕೊಳ್ಳುವ ದಿನಸಿ, ಇವೆಲ್ಲದರ ಪೆಟ್ಟು ಮೊದಲು ಬಿದ್ದದ್ದು ನಿಮ್ಮ ಮೇಲೆಯೇ. ಆದರೂ ನೆನಪಿಸಿಕೊಳ್ಳಿ: ಲಾಕ್‌ಡೌನಿನ ದಿನಗಳಲ್ಲಿ ಕೂಲಿ ನಿಂತ ಮನೆಗಳಿಗೆ ಬಾಗಿಲು ಅರ್ಧ ತೆರೆದು ಅಕ್ಕಿ, ಬೇಳೆ ಬರೆದುಕೊಟ್ಟವನು ಮೂಲೆ ಅಂಗಡಿಯವನು. ಯಾರೂ ಅವನಿಗೆ ಶಾಲು ಹೊದಿಸಲಿಲ್ಲ. ಅದನ್ನು ಕೊಡುಗೆ ಎಂದು ಅವನೂ ಕರೆಯಲಿಲ್ಲ.

ನಾವು ಮದ್ರಸಾದಲ್ಲಿ ವ್ಯಾಪಾರದ ಅಧ್ಯಾಯ ಓದಿದವರು, ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪುಸ್ತಕವನ್ನೂ ಓದಿದೆವು. ಎರಡರಲ್ಲೂ ಸಾಲವಿತ್ತು. ಒಂದರಲ್ಲಿ ಸಾಲದ ಬೆಲೆ ಎಷ್ಟು ಎಂಬ ಪ್ರಶ್ನೆ, ಇನ್ನೊಂದರಲ್ಲಿ ಸಾಲಗಾರನ ಸ್ಥಿತಿ ಹೇಗಿದೆ ಎಂಬ ಪ್ರಶ್ನೆ. ಪವಿತ್ರ ಕುರ್‌ಆನ್‌ನ ಎರಡನೇ ಅಧ್ಯಾಯದ 280ನೇ ವಚನವು, ಸಾಲಗಾರ ಸಂಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕೆಂದು, ಬಿಟ್ಟುಬಿಟ್ಟರೆ ಇನ್ನೂ ಉತ್ತಮವೆಂದು ಕಲಿಸುತ್ತದೆ. ಅದಾಗಿ ಒಂದು ವಚನ ಕಳೆದರೆ, 282ನೆಯದು. ಇಡೀ ಗ್ರಂಥದಲ್ಲೇ ಅತಿ ದೀರ್ಘವಾದ ಆ ವಚನದ ವಿಷಯ ಏನೆಂದು ಬಲ್ಲಿರಾ? ಸಾಲವನ್ನು ಬರೆದಿಡುವ ಬಗೆ! ಅವಧಿ, ಬರಹಗಾರ, ಸಾಕ್ಷಿ ಎಲ್ಲವೂ ಅದರಲ್ಲಿದೆ. ಕರುಣೆ ಮತ್ತು ಲೆಕ್ಕ ಪರಸ್ಪರ ವಿರುದ್ಧವೆಂದು ನಾವು ತಿಳಿದಿದ್ದೇವೆ. ಅಲ್ಲಿ ಅವೆರಡೂ ಅಕ್ಕಪಕ್ಕದಲ್ಲಿವೆ.

ಇನ್ನು ಕಾರ್ಯದ ಮಾತಿಗೆ ಬರೋಣ. ಒಂದು ಬೀದಿಯ 40 ಅಂಗಡಿಗಳು ದಿನಕ್ಕೆ 10 ರೂಪಾಯಿಯಂತೆ ತೆಗೆದಿಟ್ಟವೆನ್ನಿ. ತಿಂಗಳಿಗೆ 12,000; ವರ್ಷಕ್ಕೆ 1,44,000. ಅದರಿಂದ 14 ಮಂದಿಗೆ ತಲಾ 10,000 ರೂಪಾಯಿ ಬಡ್ಡಿಯಿಲ್ಲದ ಸಾಲ. ಅವರು ತಿಂಗಳಿಗೆ 1,000ದಂತೆ ತೀರಿಸಿದರೆ 14,000 ಮರಳಿ ಬರುತ್ತದೆ. ಹೊಸ ವಂತಿಗೆ 12,000 ಸೇರುತ್ತದೆ. ಎರಡನೇ ವರ್ಷದಿಂದ ತಿಂಗಳಿಗೆ ಎರಡು ಹೊಸ ಮನೆಗಳಿಗೆ ಕೈ ಚಾಚಬಹುದು. ದಿನಕ್ಕೆ 10 ರೂಪಾಯಿ ಎಂದರೆ ಒಂದು ಲೋಟ ಚಹಾದ ಬೆಲೆ. ಇದನ್ನೇ ನಾವು ಕರ್ಝೆ ಹಸನ, ಉತ್ತಮ ಸಾಲ ಎನ್ನುತ್ತೇವೆ. ಉತ್ತರ ಪ್ರದೇಶದ ದೇವಬಂದ್‌ನಲ್ಲಿ 1961ರಿಂದ ಇಂತಹ ಬಡ್ಡಿ ರಹಿತ ಮುಸ್ಲಿಮ್ ಫಂಡ್ ಇದೆ. ಅಷ್ಟು ದೂರ ಹೋಗುವುದೂ ಬೇಡ. ಭಾರತದ ಮೊದಲ ಸಹಕಾರ ಪತ್ತಿನ ಸಂಘ ಹುಟ್ಟಿದ್ದು ನಮ್ಮದೇ ನಾಡಿನ ಗದಗ ಬಳಿಯ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅದು ಬಡ್ಡಿ ರಹಿತವಾಗಿರಲಿಲ್ಲ. ಆದರೆ ಊರಿನವರ ಹಣ ಊರಿನವರ ಕಷ್ಟಕ್ಕೆ ಎಂಬ ಪಾಠವನ್ನು ಒಂದು ಹಳ್ಳಿಯೇ ದೇಶಕ್ಕೆ ಕಲಿಸಿತು.

ಇಲ್ಲಿ ಒಂದು ಕಹಿ ಮಾತನ್ನು ಆಡಲೇಬೇಕು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿಯಿತು. 'ಹಲಾಲ್ ಲಾಭ' ಎಂಬ ಮಾತಿಗೆ ಮರುಳಾಗಿ ಹತ್ತಾರು ಸಾವಿರ ಮಂದಿ ಹಣ ಹಾಕಿದ್ದರು. ಮಗಳ ಮದುವೆಗೆಂದು ಕೂಡಿಟ್ಟದ್ದು, ನಿವೃತ್ತಿಯ ಹಣ, ಹಜ್ಜಿಗೆಂದು ಉಳಿಸಿದ್ದು ಎಲ್ಲವೂ ಹೋಯಿತು. ವಂಚಕರನ್ನು ಶಪಿಸಿದರೆ ಸಾಲದು. ಗಡ್ಡ, ಟೋಪಿ ನೋಡಿ ಲೆಕ್ಕಪತ್ರ ಕೇಳದೆ ಹೋದ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆದ್ದರಿಂದ ಈ ನಿಧಿಗೆ ಕೆಲವು ಕಟ್ಟುಪಾಡುಗಳಿರಲಿ. ಇಲ್ಲಿ ಹಣ ಹಾಕಿದವನಿಗೆ ಲಾಭದ ಆಸೆ ತೋರಿಸಬಾರದು. ನಿಧಿ ಒಬ್ಬನ ಖಾತೆಯಲ್ಲಿ ಇರಬಾರದು. 1959ರ ಸಹಕಾರ ಸಂಘಗಳ ಕಾಯ್ದೆ ಇದೆ, 1997ರ ಸೌಹಾರ್ದ ಸಹಕಾರಿ ಕಾಯ್ದೆ ಇದೆ; ಸಹಕಾರ ಇಲಾಖೆಯ ಅಧಿಕಾರಿಯನ್ನೂ ಬಲ್ಲ ವಕೀಲರನ್ನೂ ವಿಚಾರಿಸಿ, ನೋಂದಣಿ ಮಾಡಿಸಿಯೇ ಆರಂಭಿಸಬೇಕು. ಪ್ರತಿ ತಿಂಗಳ ಜಮಾ-ಖರ್ಚು ಗೋಡೆಯ ಮೇಲೆ ಇರಲಿ. ಸಾಲ ಪಡೆದವರ ಹೆಸರು ಮಾತ್ರ ಪುಸ್ತಕದೊಳಗೇ ಇರಲಿ. ಬಡವನ ಮಾನ ನಮ್ಮ ಪ್ರಚಾರಕ್ಕಿಂತ ದೊಡ್ಡದು.

'ಇದು ಯಾರಿಗೆ? ನಮ್ಮವರಿಗೆ ಮಾತ್ರವೇ?' ಎಂದು ಒಬ್ಬರು ಸಭೆಗೆ ಮುನ್ನ ಕೇಳಿದರು. 2022ರಲ್ಲಿ ರಾಜ್ಯದ ಹಲವೆಡೆ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗ ಕೊಡಬಾರದೆಂಬ ಕೂಗು ಎದ್ದಾಗ ನಮಗಾದ ನೋವನ್ನು ನಾವು ಮರೆತಿಲ್ಲ. ಆದರೆ ಅದಕ್ಕೆ ಉತ್ತರವಾಗಿ ನಮ್ಮ ಉದ್ರಿ ಪುಸ್ತಕಕ್ಕೂ ಜಾತಿ ಬಂದುಬಿಟ್ಟರೆ, ಆ ಕೂಗು ಗೆದ್ದಂತೆಯೇ ಅಲ್ಲವೇ? ಇದು ಮಾದಪ್ಪನ ಬೆಟ್ಟದ ದಾಸೋಹ ಕಂಡ ಜಿಲ್ಲೆ. ಅನ್ನಕ್ಕೆ ಕುಳಿತವನನ್ನು ಯಾವ ಊರು, ಯಾವ ಕುಲ ಎಂದು ಕೇಳಬಾರದೆಂಬುದು ಇಲ್ಲಿನ ಹಳೆಯ ಪಾಠ. 12ನೇ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಜೋಡಿಸಿದರು. ದುಡಿಮೆಯ ಫಲದಲ್ಲಿ ಇತರರ ಪಾಲಿದೆ ಎಂದರು. ನಮ್ಮ ಪ್ರವಾದಿಯವರು(ಸ) ಕಲಿಸಿದ್ದೂ ಅದನ್ನೇ: ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬ ಉಣ್ಣುವವನ ವಿಶ್ವಾಸ ಪೂರ್ಣವಲ್ಲ. ಆ ನೆರೆಯವನ ಧರ್ಮ ಯಾವುದೆಂದು ಅಲ್ಲಿ ಹೇಳಿಲ್ಲ.

ನಿಧಿಗೆ ದುಡ್ಡು ಸಾಲದು ಎನ್ನುವವರಿಗೆ ಝಕಾತನ್ನು ನೆನಪಿಸುತ್ತೇವೆ. ಅಂಗಡಿಯ ಸರಕಿನ ಈಗಿನ ಬೆಲೆ, ಕೈಯಲ್ಲಿರುವ ನಗದು, ಖಂಡಿತ ಬರಲಿರುವ ಬಾಕಿ ಕೂಡಿಸಿ, ಕೊಡಬೇಕಾದ ಸಾಲ ಕಳೆದು, ಉಳಿದದ್ದು ನಿಗದಿತ ಮಿತಿ ದಾಟಿದ್ದರೆ ವರ್ಷಕ್ಕೆ ಶೇ. 2.5. ರಮಝಾನಿನಲ್ಲಿ ಬಾಗಿಲಿಗೆ ಬಂದವರಿಗೆ ಚಿಲ್ಲರೆ ಹಂಚಿ ಝಕಾತ್ ಮುಗಿಯಿತೆನ್ನುವ ರೂಢಿ ನಿಲ್ಲಬೇಕು. ಝಕಾತಿನ ಹಕ್ಕುದಾರರೆಂದು ಕುರ್‌ಆನ್ ಹೆಸರಿಸಿದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು. ಝಕಾತನ್ನು ಸಾಲವಾಗಿ ಕೊಡುವುದಲ್ಲ. ಮರಳಿಸುವ ಶಕ್ತಿಯೇ ಇಲ್ಲದವನ ಸಾಲವನ್ನು ಅದರಿಂದ ತೀರಿಸಿಬಿಡುವುದು. ಸಾಲದ ನಿಧಿ ಬೇರೆ, ಝಕಾತಿನ ನಿಧಿ ಬೇರೆ, ಎರಡನ್ನೂ ಬೆರೆಸದಿರಿ.

ಕೊನೆಯದಾಗಿ, ದಾನಕ್ಕಿಂತ ಮೊದಲು ಬರುವ ಮಾತು. ತೆರಕಣಾಂಬಿಯ ಮಾರುಕಟ್ಟೆಗೆ ಟೊಮೆಟೊ ತಂದ ರೈತನಿಗೆ ತೂಕದಲ್ಲಿ ಕಡಿತ ಮಾಡಿ, ಚೆಂಡು ಹೂ, ಸಾಂಬಾರ್ ಈರುಳ್ಳಿ, ಅರಿಶಿನದ ಹಣವನ್ನು ವಾರಗಟ್ಟಲೆ ಸತಾಯಿಸಿ, ಅಂಗಡಿಯ ಹುಡುಗನ ಸಂಬಳವನ್ನು ತಿಂಗಳ 15ಕ್ಕೆ ತಳ್ಳಿ, ಆ ಮೇಲೆ ನಿಧಿಗೆ 10 ರೂಪಾಯಿ ಹಾಕಿದರೆ ಅದು ಕೊಡುಗೆಯಲ್ಲ. ಅವರಿಂದ ಕಿತ್ತುಕೊಂಡದ್ದರಲ್ಲಿ ಚಿಕ್ಕದೊಂದು ಪಾಲಷ್ಟೇ. ಅಳತೆ, ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವಿದೆ, 83ನೆಯದು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದರು ಪ್ರವಾದಿಯವರು(ಸ). ರೈತನಿಗೆ ಆ ದಿನವೇ ಹಣ ಸಿಕ್ಕರೆ, ಅವನ ಹೆಂಡತಿ ಸಂಘದ ಸಾಲಕ್ಕೆ ಹೋಗುವ ಪ್ರಮೇಯವೇ ಕಡಿಮೆಯಾಗುತ್ತದೆ.

ನಾವು ದೊಡ್ಡ ಯೋಜನೆಯನ್ನೇನೂ ಕೇಳುತ್ತಿಲ್ಲ. ಈ ರಾತ್ರಿ ಬಾಗಿಲು ಹಾಕುವ ಮುನ್ನ ನಿಮ್ಮ ಉದ್ರಿ ಪುಸ್ತಕವನ್ನು ಒಮ್ಮೆ ತೆರೆಯಿರಿ. ಕೊಡಬಲ್ಲವರು ಯಾರು, ಕೊಡಲಾರದವರು ಯಾರು ಎಂದು ನಿಮಗೆ ಚೆನ್ನಾಗಿ ಗೊತ್ತು. ಕೊಡಲಾರದ ಒಬ್ಬರ ಬಾಕಿಯನ್ನು ಅವರಿಗೂ ಹೇಳದೆ ಹೊಡೆದುಹಾಕಿ. ಕೆಲವು ತಿಂಗಳಿಂದ ನಿಮ್ಮ ಅಂಗಡಿಯ ದಾರಿ ಬಿಟ್ಟು ಬೇರೆ ಬೀದಿಯಲ್ಲಿ ನಡೆಯುತ್ತಿರುವ ಒಬ್ಬರನ್ನು ಕರೆದು, 'ಅಕ್ಕಾ, ಹಳೆಯದು ಇರಲಿ, ಸಾಮಾನು ತೊಗೊಂಡು ಹೋಗಿ' ಎನ್ನಿ. ನಾಳೆ ಬೆಳಿಗ್ಗೆ ಪಕ್ಕದ ಅಂಗಡಿಯವರೊಂದಿಗೆ ಆ 10 ರೂಪಾಯಿಯ ಮಾತೆತ್ತಿ. ಮುಂದಿನ ಜನವರಿಯಲ್ಲಿ ನಮ್ಮ ಬೀದಿಯ ಯಾವ ಮನೆಗೂ ಸಾಲದ ಕಾರಣಕ್ಕೆ ಬೀಗ ಬೀಳದಿದ್ದರೆ, ಅದನ್ನು ಯಾವ ಪತ್ರಿಕೆಯೂ ಬರೆಯಲಾರದು. ಆದರೆ ನಿಮ್ಮ ಲೆಕ್ಕ ಇಡುವವನು ಬರೆದಿಟ್ಟಿರುತ್ತಾನೆ.

ವಸ್ಸಲಾಮ್.