ನಾಲಗೆಯ ನ್ಯಾಯ

ಲೋಕದ ರುಚಿ ಬಗೆಬಗೆಯದು ಎಂಬುದು ಹಳೆಯ ಮಾತು. ಅದನ್ನು ಪೂರ್ತಿಯಾಗಿ ಒಪ್ಪಿಬಿಟ್ಟರೆ ವಿಮರ್ಶೆಗೆ ಕೆಲಸವೇ ಉಳಿಯದು. ಒಬ್ಬನಿಗೆ ಸೇರಿದ್ದು ಇನ್ನೊಬ್ಬನಿಗೆ ಸೇರಲಿಲ್ಲ, ಅಲ್ಲಿಗೆ ಮುಗಿಯಿತು. ಆದರೂ ರುಚಿ ನೋಡಿ ಬೆಲೆಕಟ್ಟುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿಕೊಂಡವರು ಇದ್ದಾರೆ. ಚಹಕ್ಕೂ ಕಾಫಿಗೂ ಅಂಥ ಪರೀಕ್ಷಕರಿರುವುದು ತಮಗೆ ತಿಳಿದದ್ದೇ. ಬಿಯರಿಗೂ ಇದ್ದಾರೆ. ಅವರು ತೀರ್ಪು ಕೊಡುವ ಬಗೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕುಡಿತದ ಮಾತೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅವರ ಅಳುಕು ನ್ಯಾಯವಾದದ್ದೇ. ಸಾರಾಯಿ ಎಷ್ಟು ಮನೆಗಳ ಒಲೆಯನ್ನು ಆರಿಸಿತೆಂಬುದನ್ನು ಶಿರಹಟ್ಟಿಯ ಕಡೆಯವನಾದ ನಾನು ಬಲ್ಲೆ. ೨೦೦೭ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಾಗ ಸಮಾಧಾನಪಟ್ಟವರಲ್ಲಿ ನಾನೂ ಒಬ್ಬ. ಆದರೆ ಪರೀಕ್ಷಕನ ದಾರಿ ಕುಡುಕನ ದಾರಿಗೆ ಎದುರು ದಿಕ್ಕಿನದು. ಕುಡುಕನಿಗೆ ಬೇಕಾದದ್ದು ಮರೆವು. ಪರೀಕ್ಷಕನಿಗೆ ಬೇಕಾದದ್ದು ಎಚ್ಚರ. ನಾಲ್ಕು ಗುಟುಕು ಹೆಚ್ಚಾದರೆ ಅವನ ನಾಲಗೆ ಸಾಕ್ಷಿ ಹೇಳುವ ಯೋಗ್ಯತೆಯನ್ನೇ ಕಳೆದುಕೊಳ್ಳುತ್ತದೆ.

ಬಿಯರಿನ ಸಾಮಗ್ರಿ ಸರಳ. ಬಾರ್ಲಿಯನ್ನು, ಎಂದರೆ ಜವೆಗೋಧಿಯನ್ನು, ನೆನೆಹಾಕಿ ಮೊಳಕೆ ಬರಿಸಿ ಒಣಗಿಸುತ್ತಾರೆ. ಮೊಳಕೆ ರಾಗಿಯ ಹಿಟ್ಟು ಮಾಡಿ ಬಲ್ಲ ತಾಯಂದಿರಿಗೆ ಇದು ಹೊಸ ವಿದ್ಯೆಯಲ್ಲ. ಆ ಕಾಳಿನ ಸಿಹಿರಸವನ್ನು ಹಾಪ್ ಎಂಬ ಬಳ್ಳಿಯ ಕಹಿಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಕಾಳು ಎಷ್ಟು ಹುರಿಯಿತು, ಹೂವು ಎಷ್ಟು ಬಿತ್ತು, ಯೀಸ್ಟ್ ಯಾವ ಜಾತಿಯದು, ಹುದುಗಿದ್ದು ತಂಪಿನಲ್ಲೋ ಬೆಚ್ಚಗೋ ಎಂಬುದರ ಮೇಲೆ ಹತ್ತಾರು ಶೈಲಿಗಳು ಹುಟ್ಟಿವೆ. ಬೊಹೆಮಿಯಾದ ಪಿಲ್ಸೆನ್ ಪಟ್ಟಣದಲ್ಲಿ ೧೮೪೨ರಲ್ಲಿ ಯೋಸೆಫ್ ಗ್ರೋಲ್ ಎಂಬವನು ತಯಾರಿಸಿದ ಹೊಂಬಣ್ಣದ ತಿಳಿ ಬಿಯರು ಲೋಕವನ್ನೆಲ್ಲ ಸುತ್ತಿತು. ನಮ್ಮಲ್ಲಿ ಬಹುಕಾಲ ಬಿಯರ್ ಎಂದರೆ ಅದರ ದೂರದ ಸಂತತಿಯೊಂದೇ ಆಗಿತ್ತು.

ಬೆಂಗಳೂರಿನಲ್ಲಿ ಈ ಸ್ಥಿತಿ ಬದಲಾಯಿತು. ೨೦೧೧ರಲ್ಲಿ ಲ್ಯಾವೆಲ್ ರಸ್ತೆಯಲ್ಲಿ ಬಿಯರ್ ಕ್ಲಬ್ ತೆರೆದ ಮೇಲೆ, ತಮ್ಮಲ್ಲಿಯೇ ಸಣ್ಣ ಪ್ರಮಾಣದಲ್ಲಿ ತಯಾರಿಸಿ ಅಲ್ಲಿಯೇ ಬಡಿಸುವ ಮನೆಗಳು ಒಂದೊಂದಾಗಿ ಎದ್ದವು. ಅಂಥ ಒಂದೆಡೆ ಸ್ನೇಹಿತರೊಡನೆ ಕುಳಿತಿದ್ದಾಗ ನಮ್ಮ ಮುಂದೆ ನಾಲ್ಕು ಪುಟ್ಟ ಲೋಟಗಳನ್ನು ಇಟ್ಟರು. ಮೊದಲನೆಯದು ತಿಳಿಯಾದ ಪಿಲ್ಸ್ನರ್. ಎರಡನೆಯದು ಮೋಡ ಕವಿದಂತಿದ್ದ ಗೋಧಿ ಬಿಯರ್. ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಅದರ ಹಿಂದೆ ಲವಂಗ. ಮೂರನೆಯದರಲ್ಲಿ ಹಾಪ್ ಹೂವಿನ ಕಹಿ, ಜೊತೆಗೆ ನಿಂಬೆಸಿಪ್ಪೆಯಂಥ ಕಂಪು. ನಾಲ್ಕನೆಯದು ಕರಿಯ ಸ್ಟೌಟ್; ಸುಟ್ಟು ಹುರಿದ ಕಾಳಿನಿಂದ ಬಂದ ಕಾಫಿಯಂಥ ವಾಸನೆ ಅದರದು.

ಸ್ನೇಹಿತರೊಬ್ಬರು ಎರಡನೆಯ ಲೋಟವನ್ನು ಬೆಳಕಿಗೆ ಹಿಡಿದು, ಇದು ಕದಡಿದೆ, ಕೆಟ್ಟಿರಬೇಕು ಎಂದರು. ತಯಾರಿಸಿದಾತ ನಗುತ್ತ ವಿವರಿಸಿದ: ಈ ಮಸುಕು ಮೊದಲನೆಯ ಲೋಟದಲ್ಲಿದ್ದರೆ ಅದು ದೋಷ, ಇಲ್ಲಿ ಅದು ಲಕ್ಷಣ. ಲವಂಗವನ್ನಾಗಲಿ ಬಾಳೆಹಣ್ಣನ್ನಾಗಲಿ ಯಾರೂ ಹಾಕಿಲ್ಲ. ಆ ಜಾತಿಯ ಯೀಸ್ಟ್ ಹುದುಗುವಾಗ ತಾನೇ ಆ ಕಂಪನ್ನು ಹುಟ್ಟಿಸುತ್ತದೆ. ಅದೇ ಲವಂಗದ ವಾಸನೆ ಪಿಲ್ಸ್ನರಿನಲ್ಲಿ ಬಂದರೆ ತಯಾರಿಕೆಯಲ್ಲಿ ಏನೋ ತಪ್ಪಿದೆ ಎಂದು ತಿಳಿಯಬೇಕು.

ಪರೀಕ್ಷಕರ ಶಾಸ್ತ್ರದ ತಿರುಳು ಇದೇ. ಯಾವುದನ್ನೂ ಅದರ ಜಾತಿಗೆ ಸಲ್ಲುವ ಅಳತೆಯಿಂದಲೇ ಅಳೆಯಬೇಕು. ೧೯೭೭ರಲ್ಲಿ ಮೈಕಲ್ ಜಾಕ್ಸನ್ ಎಂಬ ಇಂಗ್ಲಿಷ್ ಬರಹಗಾರ (ಹಾಡುಗಾರನಲ್ಲ, ಬೇರೊಬ್ಬ) ಲೋಕದ ಬಿಯರುಗಳನ್ನು ಶೈಲಿಗಳಾಗಿ ವಿಂಗಡಿಸಿ ಗ್ರಂಥ ಬರೆದ. ೧೯೮೫ರಲ್ಲಿ ಅಮೆರಿಕೆಯಲ್ಲಿ ಪರೀಕ್ಷಕರದೇ ಒಂದು ಸಂಸ್ಥೆ ಹುಟ್ಟಿತು. ಅದರ ಅಂಕಪಟ್ಟಿಯಲ್ಲಿ ಒಟ್ಟು ೫೦ ಅಂಕ: ವಾಸನೆಗೆ ೧೨, ನೋಟಕ್ಕೆ ೩, ರುಚಿಗೆ ೨೦, ಬಾಯಲ್ಲಿ ಆಗುವ ಸ್ಪರ್ಶಕ್ಕೆ ೫, ಒಟ್ಟು ಪರಿಣಾಮಕ್ಕೆ ೧೦. ನೋಟಕ್ಕೆ ಮೂರೇ ಅಂಕವೆಂಬುದನ್ನು ರಕ್ಷಾಪುಟ ನೋಡಿ ಪುಸ್ತಕ ಕೊಳ್ಳುವ ನಾವು ಗಮನಿಸಬೇಕು. ಅಂಕ ಬರೆದರೆ ಸಾಲದು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದರೂ ಸಾಲದು. ಮೂಗಿಗೆ ಏನು ಬಂತು, ನಾಲಗೆಗೆ ಏನು ತಾಕಿತು, ನುಂಗಿದ ಮೇಲೆ ಏನು ಉಳಿಯಿತು ಎಂಬುದನ್ನು ಮಾತಿನಲ್ಲಿ ಬರೆದು ಕೊಡಬೇಕು.

ಈ ನ್ಯಾಯ ನಮ್ಮ ಸೀಮೆಗೆ ಅಪರಿಚಿತವೇನೂ ಅಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ನೋಡಿರಿ. ಖಾರ ಸಾಲದೆಂದು ಅದನ್ನು ತೆಗಳುವವನು ಅದನ್ನು ಅರಿತವನಲ್ಲ. ಅದರ ಹೆಗ್ಗಳಿಕೆ ಇರುವುದು ಬಣ್ಣದಲ್ಲಿ, ಕಂಪಿನಲ್ಲಿ. ವ್ಯಾಪಾರಿ ಡಬ್ಬಿಯನ್ನು ಕಡ್ಡಿಯಿಂದ ಬೇರ್ಪಡಿಸಿ, ಒಂದೊಂದಕ್ಕೆ ತಕ್ಕ ಬೆಲೆ ಕಟ್ಟುತ್ತಾನೆ. ಸಾಹಿತ್ಯದಲ್ಲಿ ಮಾತ್ರ ನಾವು ಇದನ್ನು ಬೇಗ ಮರೆಯುತ್ತೇವೆ. ವಚನದಲ್ಲಿ ಮಹಾಕಾವ್ಯದ ವಿಸ್ತಾರವಿಲ್ಲವೆಂದು, ಲಾವಣಿಯಲ್ಲಿ ಭಾವಗೀತೆಯ ನಯವಿಲ್ಲವೆಂದು ದೂರುವವರು ಈಗಲೂ ಇದ್ದಾರೆ. ಗೋಧಿ ಬಿಯರು ಕದಡಿದೆ ಎಂದ ನನ್ನ ಸ್ನೇಹಿತರ ತೀರ್ಪಿಗೂ ಇವರ ತೀರ್ಪಿಗೂ ಏನು ಅಂತರ?

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಅಳತೆಗೋಲನ್ನು ಮಾಡುವವರು ಯಾರು? ನಾವು ರೊಟ್ಟಿ ಬಡಿದು ಉಣ್ಣುವ ಜೋಳ ಆಫ್ರಿಕೆಯ ಹಲವು ನಾಡುಗಳಲ್ಲಿ ಬಿಯರಿನ ಕಾಳು. ಅಲ್ಲಿಯ ಮನೆಬಿಯರು ಹುಳಿ, ಮಂದ, ಮಸುಕು. ಇನ್ನೂ ಹುದುಗುತ್ತಿರುವಾಗಲೇ ಅದನ್ನು ಕುಡಿಯುತ್ತಾರೆ. ಪಿಲ್ಸೆನ್ನಿನ ಅಳತೆಯಲ್ಲಿ ಅದಕ್ಕೆ ಹತ್ತು ಅಂಕವೂ ಬಾರದು. ಆದರೆ ೧೯೮೮ರಲ್ಲಿ ನೈಜೀರಿಯ ಬಾರ್ಲಿಯ ಆಮದನ್ನು ನಿಲ್ಲಿಸಿದಾಗ ಅಲ್ಲಿಯ ದೊಡ್ಡ ಕಾರ್ಖಾನೆಗಳೂ ಜೋಳಕ್ಕೆ ಶರಣಾಗಬೇಕಾಯಿತು. ಬೆಂಗಳೂರಿನಲ್ಲಿಯೂ ರಾಗಿಯ ಬಿಯರಿನ ಪ್ರಯೋಗಗಳು ನಡೆದಿವೆ. ಅವನ್ನು ಜವೆಗೋಧಿಯ ನೆರಳಿನಲ್ಲಿ ನಿಲ್ಲಿಸಿ ನೋಡಿದರೆ ಕೊರತೆಯಷ್ಟೇ ಕಂಡೀತು. ರಾಗಿಯನ್ನೂ ಜೋಳವನ್ನೂ ಬಲ್ಲ ನಾಲಗೆ ಅವಕ್ಕೆ ತಕ್ಕ ಅಳತೆಯನ್ನು ಹೇಳಬೇಕು.

ಹೇಳಲು ಮಾತಿನ ಬಡತನ ನಮಗಿಲ್ಲ. ಒಗರು, ಕಮಟು, ಕಮರು, ಹುಳಿಸಿಹಿ, ಹೊಸ ಜೋಳದ ಸಿಹಿ, ಹಂಚಿನ ಮೇಲೆ ಸೀದ ರೊಟ್ಟಿಯ ವಾಸನೆ, ಅಂಬಲಿಯ ಹುಳಿ ಇವೆಲ್ಲ ನಮ್ಮ ಅಡಿಗೆಮನೆಯಲ್ಲಿ ದಿನವೂ ಓಡಾಡುವ ಮಾತುಗಳು. ಲೋಟವನ್ನು ಮುಟ್ಟಲೊಲ್ಲದವರು ಮುಟ್ಟುವುದು ಬೇಡ. ಅವರು ನಾಳೆ ತಮ್ಮ ತಟ್ಟೆಯ ರೊಟ್ಟಿಯನ್ನೇ ಪರೀಕ್ಷಿಸಲಿ. ಚೆನ್ನಾಗಿದೆ ಎನ್ನುವ ಮೊದಲು ಅದು ಯಾವ ಜೋಳದ ರೊಟ್ಟಿ, ಯಾವ ಸಿಹಿ, ಎಷ್ಟು ಬೆಂದ ಕಂಪು ಎಂದು ಎರಡು ಮಾತಿನಲ್ಲಿ ಹೇಳಲು ಯತ್ನಿಸಲಿ. ಬಡಿದ ಕೈಗೆ ಅಷ್ಟಾದರೂ ನ್ಯಾಯ ಸಲ್ಲಬೇಕು.