ವರ್ತಮಾನವೂ ವಿಕ್ರಯವೂ

 

ಹಿಂದಿನ ಕಾಲದಲ್ಲಿ ಊರೊಳಗೆ ಡಂಗುರ ಸಾರುವ ಪದ್ಧತಿಯಿದ್ದಿತು. ಡಂಗುರದವನು ಹಲಗೆಯನ್ನು ಬಾರಿಸಿ, ಇದು ಸರಕಾರದ ಅಪ್ಪಣೆಯೋ, ಗೌಡರ ಮಾತೋ, ಸಂತೆಗೆ ಬಂದ ವ್ಯಾಪಾರಿಯ ಸರಕಿನ ಸಂಗತಿಯೋ ಎಂಬದನ್ನು ಮೊದಲು ಹೇಳಿ, ಅನಂತರ ವಿಷಯವನ್ನು ಸಾರುತ್ತಿದ್ದನು. ಮಾತು ಯಾರದೆಂಬದು ಕೇಳಿದವನಿಗೆ ತಿಳಿದಿರುತ್ತಿತ್ತು. ಅದನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬದನ್ನು ಅವನೇ ನಿಶ್ಚಯಿಸಿಕೊಳ್ಳುತ್ತಿದ್ದನು. ಇಂದು ಡಂಗುರದ ಸ್ಥಾನದಲ್ಲಿ ಕೇಬಲ್ ತಂತಿಯಿಂದ ಮನೆಮನೆಗೆ ಬರುವ ಸ್ಥಳೀಯ ವಾಹಿನಿಯು ನಿಂತಿದೆ. ಮಾತು ಬರುತ್ತದೆ, ಮಾತಿನೊಡನೆ ಚಿತ್ರವೂ ಬರುತ್ತದೆ. ಯಾರ ಮಾತು ಎಂಬದು ಮಾತ್ರ ಅನೇಕ ವೇಳೆ ಬರುವದಿಲ್ಲ.

ಸ್ಥಳೀಯ ವಾಹಿನಿಯನ್ನು ಹಳಿಯುವದು ಈ ಉಪನ್ಯಾಸದ ಉದ್ದೇಶವಲ್ಲ. 2009ನೆಯ ಡಿಸೆಂಬರದಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಗುವ ವರೆಗೆ ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ತಾಲೂಕುಗಳು ಕಲಬುರ್ಗಿಯ ನೆರಳಿನಲ್ಲಿಯೇ ಇದ್ದವು. ಬೆಂಗಳೂರಿನ ದೊಡ್ಡ ವಾಹಿನಿಗಳಿಗೆ ನಾರಾಯಣಪುರದ ಎಡದಂಡೆ ಕಾಲುವೆಗೆ ನೀರು ಬಿಡುವ ದಿನವಾಗಲಿ, ತೊಗರಿಯ ಪೇಟೆಯ ಧಾರಣೆಯಾಗಲಿ ದೊಡ್ಡ ಸುದ್ದಿಯಲ್ಲ. 2020ನೆಯ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಬಂದಂಥ ಕಾಲದಲ್ಲಿ ಯಾವ ಸೇತುವೆ ಮುಳುಗಿತು, ಯಾವ ದಾರಿ ಕಟ್ಟಿತು ಎಂಬದನ್ನು ನೆರೆಯೂರಿನವನೇ ಹೇಳಬೇಕು. ಊರಿನ ಭಾಷೆಯಲ್ಲಿ, ಊರಿನ ಮುಖದಿಂದ ಬರುವ ವರ್ತಮಾನಕ್ಕೆ ಜನರು ಕಿವಿಗೊಡುವದು ಸಹಜ. ಆ ನಂಬಿಕೆಯೇ ವಾಹಿನಿಯ ಮೂಲಧನವು. ಮಾರಾಟಕ್ಕೆ ಇಡಲ್ಪಡುವದೂ ಅದೇ.

ಶಹಾಪುರದ ಕಡೆಯ ಒಬ್ಬ ಹತ್ತಿ ಬೆಳೆಯುವ ಒಕ್ಕಲಿಗನನ್ನು ಭಾವಿಸಿರಿ. ಅಂಗಡಿಯವನು ಒಂದು ಎಣ್ಣೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಇದನ್ನು ಸಿಂಪಡಿಸಿದರೆ ಇಳುವರಿ ಇಮ್ಮಡಿಯಾಗುವದೆಂದು ಹೇಳಿದರೆ ಅವನು ನಗುತ್ತಾನೆ, ಚೌಕಾಶಿ ಮಾಡುತ್ತಾನೆ, ಮಗ್ಗಲು ಹೊಲದವನನ್ನು ಕೇಳಿ ಬರುತ್ತಾನೆ. ಅದೇ ಮಾತು ರಾತ್ರಿಯ ವಾರ್ತೆಯಲ್ಲಿ, ಕಾಲುವೆಯ ಸುದ್ದಿ ಓದಿದವನ ಬಾಯಿಂದಲೇ, ಅದೇ ಧ್ವನಿಯಲ್ಲಿ, “ರೈತರಲ್ಲಿ ಹರ್ಷ” ಎಂಬ ತಲೆಬರಹದೊಡನೆ ಬಂದರೆ ಅವನು ಚೌಕಾಶಿ ಮಾಡುವದಿಲ್ಲ. ವರ್ತಮಾನದೊಡನೆ ಯಾರು ಚೌಕಾಶಿ ಮಾಡುತ್ತಾರೆ? ಮರುದಿನ ಸಾಲ ತಂದು ಡಬ್ಬಿಯನ್ನು ಕೊಳ್ಳುತ್ತಾನೆ. ಬೆಳೆ ಬಾರದಿದ್ದರೆ ಸಾಲ ಅವನದು; ಸುದ್ದಿ ಓದಿದವನದಲ್ಲ.

ರೋಗಿಯ ಸ್ಥಿತಿಯು ಇದಕ್ಕಿಂತ ಕಠಿಣವು. “ಮಧುಮೇಹ ಬೇರುಸಹಿತ ಗುಣ” ಎಂಬ ಮಾತು ಸಂದರ್ಶನದ ರೂಪದಲ್ಲಿ ಅರ್ಧ ತಾಸು ನಡೆಯುತ್ತದೆ. ಪ್ರಶ್ನೆ ಕೇಳುವವನು ಪತ್ರಕರ್ತನಂತೆ ಕಾಣುತ್ತಾನೆ, ಆದರೆ ಅವನ ಪ್ರಶ್ನೆಗಳೂ ಹಣ ಕೊಟ್ಟವರಿಂದಲೇ ಬಂದಿರುತ್ತವೆ. ಮಧುಮೇಹವೇ ಮೊದಲಾದ ಅನೇಕ ವ್ಯಾಧಿಗಳನ್ನು ಗುಣಪಡಿಸುವೆವೆಂದು ಔಷಧದ ಜಾಹೀರಾತು ಮಾಡುವದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯು ನಿಷೇಧಿಸಿದೆ. ವೈದ್ಯರು ಜಾಹೀರಾತಿನ ಮೂಲಕ ರೋಗಿಗಳನ್ನು ಕರೆಯಬಾರದೆಂದು 2002ರ ವೈದ್ಯಕೀಯ ನಡತೆಯ ನಿಯಮಾವಳಿಯು ವಿಧಿಸಿದೆ. ಬಾಗಿಲಿನಿಂದ ಬರಲಾಗದ ಜಾಹೀರಾತು ಸುದ್ದಿಯ ಕಿಟಕಿಯಿಂದ ಒಳಗೆ ಬರುವದಕ್ಕೆ ಇದೂ ಒಂದು ಕಾರಣವು. ಅಷ್ಟರಲ್ಲಿ ಯಾರಾದರೊಬ್ಬ ತಾಯಿ ಸರಕಾರಿ ಆಸ್ಪತ್ರೆಯಿಂದ ತಂದ ಗುಳಿಗೆಯನ್ನು ಬಿಟ್ಟುಬಿಟ್ಟಿರುತ್ತಾಳೆ. ಪರೀಕ್ಷೆಗೆ ಸಿದ್ಧಗೊಳಿಸುವ ಕೋಚಿಂಗ್ ಶಾಲೆಗಳ ಸಂಗತಿಯೂ ಹೀಗೆಯೇ ಇದ್ದುದರಿಂದ 2024ನೆಯ ನವೆಂಬರದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅವುಗಳ ಜಾಹೀರಾತುಗಳಿಗೆ ಪ್ರತ್ಯೇಕ ಮಾರ್ಗಸೂಚಿಗಳನ್ನು ಹೊರಡಿಸಬೇಕಾಯಿತು.

ಇದು ಹೇಗೆ ನಡೆಯುತ್ತದೆಂಬದನ್ನು ಅರಿತರೆ ಸಿಟ್ಟಿಗಿಂತ ಮರುಕವೇ ಹೆಚ್ಚಾದೀತು. ತಾಲೂಕಿನ ಮಟ್ಟದಲ್ಲಿ ಕ್ಯಾಮರಾ ಹಿಡಿದು ತಿರುಗುವ ಹುಡುಗನಿಗೆ ಅನೇಕ ಕಡೆ ನಿಯತವಾದ ಸಂಬಳವಿಲ್ಲ. ಅವನು ತಂದ ಜಾಹೀರಾತಿನಲ್ಲಿ ಅವನಿಗೊಂದು ಪಾಲು. ಬೆಳಿಗ್ಗೆ ಯಾರಲ್ಲಿ ಹಣ ಕೇಳಿದನೋ ಅವರ ಮೇಲೆಯೇ ಸಂಜೆ ವರದಿ ಬರೆಯಬೇಕು. ಭಾರತೀಯ ಪತ್ರಿಕಾ ಮಂಡಲಿಯು ನೇಮಿಸಿದ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿಯವರ ಉಪಸಮಿತಿಯು 2010ರಲ್ಲಿ ಬರೆದ 71 ಪುಟಗಳ ವರದಿಯಲ್ಲಿ ಈ ಸಂಗತಿಯು ಸವಿಸ್ತಾರವಾಗಿ ಬಂದಿದೆ. ನಗದಾಗಲಿ ವಸ್ತುವಾಗಲಿ, ಬೆಲೆಯನ್ನು ಪಡೆದು ಪ್ರಕಟಿಸಿದ ಸುದ್ದಿ ಅಥವಾ ವಿಮರ್ಶೆಯೇ ‘ಕಾಸಿಗಾಗಿ ಸುದ್ದಿ’ ಎಂಬ ಲಕ್ಷಣವನ್ನು ಮಂಡಲಿಯು ಹೇಳಿತು. ವಿಚಿತ್ರವೆಂದರೆ, ಹೆಸರುಗಳನ್ನು ಒಳಗೊಂಡ ಆ ಪೂರ್ಣ ವರದಿಯನ್ನು ಮಂಡಲಿಯು ಮೊದಲು ಹೊರಗೆ ಬಿಡಲಿಲ್ಲ. ಚಿಕ್ಕದಾಗಿಸಿದ ಇನ್ನೊಂದನ್ನು ಪ್ರಕಟಿಸಿತು. ಮಾಹಿತಿ ಆಯೋಗದ ಆಜ್ಞೆಯ ಮೇರೆಗೆ 2011ರಲ್ಲಿ ಮೂಲವು ಬೆಳಕಿಗೆ ಬಂದಿತು. ಸುದ್ದಿಯನ್ನು ಕುರಿತಾದ ಸುದ್ದಿಯೇ ಒಂದು ವರುಷ ಪೆಟ್ಟಿಗೆಯಲ್ಲಿದ್ದಿತು!

ಈ ಚರ್ಚೆಗೆ ಕಾರಣವಾದ ಪ್ರಕರಣವು ಬಹು ದೂರದ್ದಲ್ಲ. ಯಾದಗಿರಿಯಂತೆಯೇ 1956ರ ವರೆಗೆ ಹೈದರಾಬಾದ ರಾಜ್ಯದಲ್ಲಿದ್ದ ನಾಂದೇಡ ಜಿಲ್ಲೆಯದೇ ಅದು. 2009ರ ಮಹಾರಾಷ್ಟ್ರ ವಿಧಾನಸಭೆಯ ಚುನಾವಣೆಯಲ್ಲಿ ಆಗಿನ ಮುಖ್ಯಮಂತ್ರಿ ಅಶೋಕ ಚವ್ಹಾಣರು ಭೋಕರ ಕ್ಷೇತ್ರದಿಂದ ನಿಂತಿದ್ದರು. ಅವರನ್ನು ಕೊಂಡಾಡುವ ಲೇಖನಗಳು ಪುಟಗಟ್ಟಲೆ ಬಂದವು. ಒಂದಕ್ಕೊಂದು ಪ್ರತಿಸ್ಪರ್ಧಿಗಳಾದ ಪತ್ರಿಕೆಗಳಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಆದ ಬರಹವು ಅಚ್ಚಾದದ್ದನ್ನು ಪತ್ರಕರ್ತ ಪಿ. ಸಾಯಿನಾಥರು ‘ದಿ ಹಿಂದೂ’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಅಭ್ಯರ್ಥಿಯು ಸಲ್ಲಿಸಿದ ಲೆಕ್ಕದಲ್ಲಿ ಪತ್ರಿಕಾ ಜಾಹೀರಾತಿಗೆ 5,379 ರೂಪಾಯಿ, ಕೇಬಲ್ ದೂರದರ್ಶನದ ಜಾಹೀರಾತಿಗೆ 6,000 ರೂಪಾಯಿ ಎಂದಿದ್ದಿತು. ಬಂದ ಪುಟಗಳನ್ನೂ ಈ ಅಂಕಿಗಳನ್ನೂ ಒಂದರ ಬದಿಗೆ ಒಂದು ಇಟ್ಟು ನೋಡಿದವರಿಗೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ. ಚವ್ಹಾಣರು ಆರೋಪವನ್ನು ಅಲ್ಲಗಳೆದರು. ಲೆಕ್ಕದ ಸತ್ಯಾಸತ್ಯವನ್ನು ವಿಚಾರಿಸುವ ಅಧಿಕಾರ ಚುನಾವಣಾ ಆಯೋಗಕ್ಕೆ ಉಂಟೆಂದು 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಯೋಗವು ಅವರ ವಿರುದ್ಧ ಕೈಕೊಂಡ ಕ್ರಮವನ್ನು ಅದೇ ವರುಷ ದಿಲ್ಲಿಯ ಹೈಕೋರ್ಟು ರದ್ದುಪಡಿಸಿತು. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ ಯಾದವರಾದರೋ ಇಂಥದೇ ಖರ್ಚನ್ನು ಲೆಕ್ಕದಲ್ಲಿ ತೋರಿಸದ ಕಾರಣಕ್ಕಾಗಿ 2011ರಲ್ಲಿ 3 ವರುಷ ಅನರ್ಹರಾದರು.

ಅಂದಿನಿಂದ ಪ್ರತಿ ಚುನಾವಣೆಯಲ್ಲಿ ಜಿಲ್ಲೆಗೊಂದು ಮಾಧ್ಯಮ ನಿಗಾ ಸಮಿತಿಯಿರುತ್ತದೆ. ಸಂಶಯಕ್ಕೆ ಈಡಾದ ಸುದ್ದಿಯ ಬಗ್ಗೆ ಅಭ್ಯರ್ಥಿಗೆ ನೋಟಿಸು ಹೋಗುತ್ತದೆ. ಅದು ಕಾಸಿನ ಸುದ್ದಿಯೆಂದು ನಿರ್ಣಯವಾದರೆ ಅದರ ಬೆಲೆಯು ಅವನ ಖರ್ಚಿಗೆ ಸೇರುತ್ತದೆ. ಇದನ್ನೇ ಒಂದು ಚುನಾವಣಾ ಅಪರಾಧವನ್ನಾಗಿ ಮಾಡಬೇಕೆಂದು ಕಾನೂನು ಆಯೋಗವು 2015ನೆಯ ತನ್ನ 255ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಚುನಾವಣೆ ಮುಗಿದ ಮೇಲೆ ಸಮಿತಿಯೂ ಮುಗಿಯುತ್ತದೆ. ಡಬ್ಬಿಯ ಸುದ್ದಿ, ಗುಳಿಗೆಯ ಸುದ್ದಿ ಮುಗಿಯುವದಿಲ್ಲ.

ಪರದೇಶದ ಒಂದು ಉದಾಹರಣೆಯು ಇಲ್ಲಿ ಸ್ಮರಣೀಯವಾಗಿದೆ. ಇಂಗ್ಲೆಂಡದಲ್ಲಿ 1957ರಿಂದ ‘ಜಿಮ್ಸ್ ಇನ್’ ಎಂಬ ಒಂದು ದೂರದರ್ಶನ ಕಾರ್ಯಕ್ರಮ ನಡೆಯುತ್ತಿತ್ತು. ಹಳ್ಳಿಯ ಪಾನಗೃಹ, ಒಡೆಯನೂ ಗಿರಾಕಿಗಳೂ ಕುಳಿತು ಕಷ್ಟಸುಖ ಮಾತಾಡುವರು, ಮಾತಿನ ನಡುವೆ ಇಂಥ ಸಾಮಾನು ಒಳ್ಳೆಯದು, ಇಂಥ ಬೆಲೆಗೆ ಸಿಗುವದು ಎಂದು ಹೇಳುವರು. ಜನರಿಗೆ ಅದು ಬಹು ಪ್ರಿಯವಾಗಿದ್ದಿತು. ಆದರೂ ಕಾರ್ಯಕ್ರಮಕ್ಕೂ ಜಾಹೀರಾತಿಗೂ ನಡುವಣ ಗೆರೆಯು ಅಳಿಸಿಹೋಗುವದೆಂಬ ಕಾರಣದಿಂದ, 1962ರ ಪಿಲ್ಕಿಂಗ್‌ಟನ್ ಸಮಿತಿಯ ವರದಿಯ ತರುವಾಯ, 1963ರಲ್ಲಿ ಇಂಥ ಕಾರ್ಯಕ್ರಮಗಳೆಲ್ಲ ನಿಲ್ಲಿಸಲ್ಪಟ್ಟವು. ಅದು ಸುದ್ದಿಯ ವೇಷವನ್ನು ಸಹ ಹಾಕಿರಲಿಲ್ಲ, ಬರಿಯ ಹರಟೆಯ ವೇಷ.

ಭಾರತದಲ್ಲಿಯೂ ಗೆರೆಯು ಉಂಟು. ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣತಕ್ಕದ್ದೆಂದು 1994ರ ಕೇಬಲ್ ದೂರದರ್ಶನ ನಿಯಮಗಳ 7ನೆಯ ನಿಯಮವು ಹೇಳುತ್ತದೆ. ಕೇಬಲ್ ಸಂಸ್ಥೆಗಳೇ ನಡೆಯಿಸುವ ಸ್ಥಳೀಯ ವಾಹಿನಿಗಳನ್ನು ನೋಂದಾಯಿಸಬೇಕೆಂದೂ, ಪ್ರಸಾರ ಮಾಡಿದ್ದರ ಮುದ್ರಿಕೆಯನ್ನು 90 ದಿನ ಕಾಯ್ದಿಡಬೇಕೆಂದೂ 2022ನೆಯ ನವೆಂಬರದಲ್ಲಿ ಕೇಂದ್ರ ವಾರ್ತಾ ಮಂತ್ರಾಲಯವು ಮಾರ್ಗಸೂಚಿಯನ್ನಿತ್ತಿದೆ.

ಮಠಗಳೂ ಈ ಮಾತಿಗೆ ಹೊರಗಿನವಲ್ಲ. ಜಾತ್ರೆಯ ತೇರು, ಪುರಾಣದ ಮಂಗಲ, ದಾನಿಗಳ ಸನ್ಮಾನ ಇವೆಲ್ಲವೂ ವಾಹಿನಿಯಲ್ಲಿ ಬರಬೇಕೆಂಬ ಆಶೆ ಭಕ್ತರಿಗೆ ಇರುವದು ತಪ್ಪಲ್ಲ. ಆದರೆ ಹಣ ತೆತ್ತು ತೋರಿಸಿದ ತೇರನ್ನು ಸುದ್ದಿಯೆಂದು ಕರೆದಾಗ ಎಣ್ಣೆಯ ಡಬ್ಬಿಯವನಿಗೆ ಏನು ಹೇಳಲು ಬಾಯಿ ಉಳಿಯಿತು? ನುಲಿಯ ಚಂದಯ್ಯನ ಹಗ್ಗಕ್ಕೆ ನಿಯತಕ್ಕಿಂತ ಹೆಚ್ಚಿನ ಹೊನ್ನು ಬಂದಾಗ ಆ ಶರಣನು ಒಪ್ಪದೆ ಹೋದ ಕಥೆಯು ಈ ಸಭೆಯಲ್ಲಿ ಯಾರಿಗೂ ಹೊಸದಲ್ಲ. ಸ್ಮರಣ ಸಂಚಿಕೆಗಳ ಕೊನೆಯ ಪುಟಗಳಲ್ಲಿ ದಾಲ್‌ಮಿಲ್ಲಿನವರ, ಬಟ್ಟೆ ಅಂಗಡಿಯವರ ಶುಭಾಶಯಗಳು ಬರುತ್ತವೆ. ಸುತ್ತಲೂ ಗೆರೆ, ಕೆಳಗೆ ಅಂಗಡಿಯ ಹೆಸರು, ಊರು. ಹಣ ಯಾರದು, ಮಾತು ಯಾರದು ಎಂಬದು ಕೂಸಿಗೂ ತಿಳಿಯುತ್ತದೆ. ಅದು ಡಂಗುರದವನ ರೀತಿ. ವಾಹಿನಿಯವರಿಂದ ಬೇಡುವದೂ ಇಷ್ಟೇ: ಪರದೆಯ ಮೂಲೆಯಲ್ಲಿ, ಓದಲು ಬರುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ, ‘ಜಾಹೀರಾತು’ ಎಂಬ ಒಂದು ಶಬ್ದ.

ಆ ಶಬ್ದವಿಲ್ಲದೆ ಬಂದದ್ದನ್ನು ಕಂಡವರು ದೂರು ಕೊಡಬಹುದು. ಕೇಬಲ್ ಕಾಯಿದೆಯ ಮೇರೆಗೆ ಜಿಲ್ಲಾಧಿಕಾರಿಗಳೂ ಉಪವಿಭಾಗದ ಸಹಾಯಕ ಆಯುಕ್ತರೂ ಅಧಿಕಾರವುಳ್ಳವರು. ತಪ್ಪುದಾರಿಗೆಳೆಯುವ ಜಾಹೀರಾತಾದರೆ 2019ರ ಗ್ರಾಹಕ ಕಾಯಿದೆಯೂ ಅನ್ವಯಿಸುವದು. “ಟೀವಿಯಲ್ಲಿ ಬಂದಿತ್ತು” ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ವಾಹಿನಿಯ ಹೆಸರು, ತಾರೀಖು, ಹೊತ್ತು, ಸುದ್ದಿಯೆಂದು ತೋರಿಸಿದ್ದೇನು ಎಂಬ ನಾಲ್ಕನ್ನು ಕಾಗದದ ಮೇಲೆ ಬರೆದು, 90 ದಿನಗಳೊಳಗೆ, ಮುದ್ರಿಕೆಯು ಅಳಿಯುವ ಮೊದಲೇ ಸಲ್ಲಿಸತಕ್ಕದ್ದು. ಬರೆಯಲು ಬಾರದ ಹಿರಿಯರಿಗೆ ಶಾಲೆ ಕಲಿತ ಮೊಮ್ಮಕ್ಕಳು ಬರೆದುಕೊಡಲಿ. ಡಬ್ಬಿಯ ರಸೀದಿಯಿದ್ದರೆ ಅದನ್ನೂ ಜೊತೆಗೆ ಲಗತ್ತಿಸಲಿ.