ನೋಯದ ಪಾದದ ಕಡೆಗೂ ಒಂದು ನೋಟ: ಮಧುಮೇಹಿಗಳ ಪಾದ ರಕ್ಷಣೆಯಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದ ಉಪನ್ಯಾಸದ ಪಠ್ಯ)



ಸಂಜೆ ಹೊಲದಿಂದ ಮರಳಿದ ರೈತನೊಬ್ಬ ಪಡಸಾಲೆಯನ್ನು ದಾಟಿ ಅಡುಗೆಮನೆಯವರೆಗೆ ನಡೆದುಹೋಗುತ್ತಾನೆ. ಹಿಂದೆ ಬಂದ ಮಡದಿಗೆ ನೆಲದ ಮೇಲೆ ರಕ್ತದ ಹೆಜ್ಜೆಗುರುತುಗಳು ಕಾಣುತ್ತವೆ. ಜಾಲಿಯ ಮುಳ್ಳೊಂದು ಹವಾಯಿ ಚಪ್ಪಲಿಯನ್ನು ತೂರಿ ಹಿಮ್ಮಡಿಯಲ್ಲಿ ಮುರಿದು ಕುಳಿತಿದೆ. ಆತನಿಗೆ ಅದರ ಅರಿವೇ ಇಲ್ಲ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿರುವವರ ಮನೆಗಳಲ್ಲಿ ಇಂತಹ ಪ್ರಸಂಗ ಅಪರೂಪವಲ್ಲ. ನೋವಿಲ್ಲವಲ್ಲ ಎಂದು ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಮರುದಿನ ಅದೇ ಚಪ್ಪಲಿಯಲ್ಲಿ ಹೊಲಕ್ಕೆ ಹೋಗುವುದೂ ಅಪರೂಪವಲ್ಲ. ಕೆಲವು ವಾರಗಳ ನಂತರ ಗಾಯ ವಾಸನೆ ಹಿಡಿದಾಗ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆ. ಅಷ್ಟರಲ್ಲಿ ಚರ್ಚೆ ಬೆರಳು ತೆಗೆಯಬೇಕೋ ಪಾದವನ್ನೇ ತೆಗೆಯಬೇಕೋ ಎಂಬಲ್ಲಿಗೆ ಬಂದಿರುತ್ತದೆ.

ಮಧುಮೇಹಿಗಳು ಪಾದದ ನೋವನ್ನು ಕುರಿತು ಹೇಳಿಕೊಳ್ಳುತ್ತಾರೆ. ಮರಗಟ್ಟಿದ ಪಾದವನ್ನು ಕುರಿತು ಯಾರೂ ಹೇಳಿಕೊಳ್ಳುವುದಿಲ್ಲ. ಅಪಾಯ ಹೆಚ್ಚಿರುವುದು ಎರಡನೆಯದರಲ್ಲಿ.

ಎರಡರ ಮೂಲವೂ ಒಂದೇ. ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ನರಗಳಿಗೂ ಅವುಗಳನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳಿಗೂ ಹಾನಿಯಾಗುತ್ತದೆ. ದೇಹದ ಅತಿ ಉದ್ದದ ನರಗಳು ಕಾಲ್ಬೆರಳಿನ ತುದಿಗೆ ಹೋಗುವಂಥವು. ನಾಲೆಯಲ್ಲಿ ನೀರು ಕಡಿಮೆಯಾದಾಗ ಕೊನೆಯ ಭಾಗದ ಜಮೀನು ಮೊದಲು ಒಣಗುವಂತೆ, ಹಾನಿಯೂ ಬೆರಳ ತುದಿಯಿಂದ ಆರಂಭವಾಗಿ ಕಾಲುಚೀಲ ಹಾಕುವಷ್ಟು ಭಾಗಕ್ಕೆ ಹರಡುತ್ತದೆ. ಮೊದಲು ಉರಿ, ಇರುವೆ ಹರಿದಂತೆ ಜುಮುಜುಮು, ಸೂಜಿ ಚುಚ್ಚಿದಂತಹ ನೋವು ಕಾಣಿಸಬಹುದು. ರಾತ್ರಿಯ ವೇಳೆ ಇದು ಹೆಚ್ಚು. ಹೊದಿಕೆ ತಾಗಿದರೂ ಸಹಿಸಲಾಗದು ಎನ್ನುವವರಿದ್ದಾರೆ. ಕಾಲ ಕಳೆದಂತೆ ಕೆಲವರಲ್ಲಿ ಉರಿ ತಾನಾಗಿಯೇ ಇಳಿಯುತ್ತದೆ. ಮನೆಯವರು ಅದನ್ನು ಗುಣವೆಂದು ಭಾವಿಸುತ್ತಾರೆ. ಅನೇಕ ವೇಳೆ ನರವು ಸಂದೇಶ ಕಳುಹಿಸುವುದನ್ನೇ ನಿಲ್ಲಿಸಿರುತ್ತದೆ.

ಉರಿಯುವ ಪಾದಕ್ಕೆ ಚಿಕಿತ್ಸೆಯಿಲ್ಲವೆಂಬ ನಂಬಿಕೆ ತಪ್ಪು. ಸಕ್ಕರೆಯ ಮಟ್ಟವನ್ನು ಹತೋಟಿಯಲ್ಲಿಡುವುದು ಅದರ ಬುನಾದಿ. ಅದರೊಡನೆ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗಬಾಲಿನ್, ಗ್ಯಾಬಪೆಂಟಿನ್ ಮುಂತಾದ ನರನೋವಿನ ಔಷಧಗಳನ್ನು ವೈದ್ಯರು ರೋಗಿಯ ವಯಸ್ಸು, ಹೃದಯ ಹಾಗೂ ಮೂತ್ರಪಿಂಡಗಳ ಸ್ಥಿತಿ ನೋಡಿ ಆರಿಸುತ್ತಾರೆ. ಅಂಗಡಿಯಲ್ಲಿ ಕೇಳಿ ಪಡೆಯುವ ಸಾಮಾನ್ಯ ನೋವಿನ ಮಾತ್ರೆಗಳು ಈ ಬಗೆಯ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ದೀರ್ಘಕಾಲ ನುಂಗಿದರೆ ಮೊದಲೇ ಬಳಲಿರುವ ಮೂತ್ರಪಿಂಡಕ್ಕೆ ಕೇಡು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ಸೇವಿಸಿದವರಲ್ಲಿ ಬಿ12 ಜೀವಸತ್ವದ ಕೊರತೆಯುಂಟಾಗಿ, ಅದರಿಂದಲೂ ಇದೇ ಉರಿ ಬರಬಹುದು. ಇದನ್ನು ರಕ್ತಪರೀಕ್ಷೆಯಿಂದ ತಿಳಿದು ಸರಿಪಡಿಸಬಹುದಾದ್ದರಿಂದ ವೈದ್ಯರಲ್ಲಿ ಕೇಳಿ ತಿಳಿಯುವುದು ಲೇಸು. ಮೆಟ್‌ಫಾರ್ಮಿನ್ ಅನ್ನು ತಾವಾಗಿ ನಿಲ್ಲಿಸತಕ್ಕದ್ದಲ್ಲ. ಮದ್ಯಪಾನ ನರಗಳ ಹಾನಿಯನ್ನು ಹೆಚ್ಚಿಸುತ್ತದೆ. ಬಿಸಿನೀರಿನ ಚೀಲ, ಕಾಯಿಸಿದ ಇಟ್ಟಿಗೆ, ಒಲೆಯ ಶಾಖ ಇವು ಮಧುಮೇಹಿಯ ಪಾದಕ್ಕೆ ಸಲ್ಲವು. ಸ್ಪರ್ಶ ಕುಂದಿದ ಚರ್ಮ ಸುಟ್ಟು ಬೊಬ್ಬೆಯೆದ್ದ ಮೇಲಷ್ಟೇ ತಿಳಿಯುತ್ತದೆ.

ಇನ್ನೊಂದು ಬಗೆಯ ನೋವು ಬೇರೆ ಜಾತಿಯದು. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವ ನೋವು ಕಾಲಿನ ರಕ್ತನಾಳ ಕಿರಿದಾಗಿರುವುದರ ಸೂಚನೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ರಕ್ತ ತಲುಪದ ಕಾಲಿನಲ್ಲಿ ಸಣ್ಣ ಗಾಯವೂ ಮಾಯುವುದಿಲ್ಲ.

ನೋವಿಲ್ಲದಿರುವುದೇ ಕೇಡಿನ ಮೂಲವಾಗಬಲ್ಲದೆಂಬ ತಿಳಿವಳಿಕೆ ಬಹುಮಟ್ಟಿಗೆ ನಮ್ಮ ನೆರೆಯಲ್ಲೇ ರೂಪುಗೊಂಡಿತು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಬೆರಳುಗಳು ಸವೆಯುವುದಕ್ಕೆ ಮಾಂಸ ತಾನಾಗಿ ಕೊಳೆಯುವುದು ಕಾರಣವಲ್ಲ, ನೋವು ತಿಳಿಯದೆ ಮೇಲಿಂದ ಮೇಲೆ ಆಗುವ ಗಾಯಗಳೇ ಕಾರಣ ಎಂಬುದನ್ನು ತೋರಿಸಿಕೊಟ್ಟರು. ಕೆಲವರ ಬೆರಳುಗಳನ್ನು ರಾತ್ರಿ ನಿದ್ರೆಯಲ್ಲಿ ಇಲಿಗಳು ಕಡಿಯುತ್ತಿದ್ದುದು ಪತ್ತೆಯಾದಾಗ, ಮನೆಗೆ ಹೊರಟ ರೋಗಿಗಳೊಡನೆ ಒಂದೊಂದು ಬೆಕ್ಕನ್ನೂ ಕಳುಹಿಸಿದ್ದುಂಟು! ಮುಂದೆ ಅಮೆರಿಕದ ಲೂಸಿಯಾನ ರಾಜ್ಯದ ಕಾರ್ವಿಲ್ ಆಸ್ಪತ್ರೆಯಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಇದೇ ತಿಳಿವಳಿಕೆಯನ್ನು ಮಧುಮೇಹಿಗಳ ಪಾದಕ್ಕೆ ಅನ್ವಯಿಸಿದರು. ಕುಷ್ಠರೋಗ ಕಾರ್ಯಕ್ರಮದಲ್ಲಿ ವಿತರಿಸುವ ಮೆತ್ತನೆಯ ಎಂಸಿಆರ್ ರಬ್ಬರಿನ ಪಾದರಕ್ಷೆ ಇಂದು ಮಧುಮೇಹಿಗಳಿಗೂ ಸೂಕ್ತವೆನಿಸಿರುವುದು ಈ ಹಿನ್ನೆಲೆಯಲ್ಲಿ. ನೆಲದ ಮೇಲೆ ಮಲಗುವ, ಧಾನ್ಯದ ಚೀಲಗಳನ್ನು ಪಕ್ಕದಲ್ಲೇ ಇರಿಸಿಕೊಳ್ಳುವ ಮನೆಗಳಲ್ಲಿ ಮರಗಟ್ಟಿದ ಕಾಲಿಗೆ ಇಲಿ ಕಡಿತದ ಭಯ ಇಂದಿಗೂ ತಪ್ಪಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆ. ಗ್ರಾಮೀಣ ವಯಸ್ಕರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಕಾಯಿಲೆಯಿದೆ. ನಮ್ಮ ರಾಜ್ಯದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಅವರಲ್ಲಿ ವಯಸ್ಕರು 300 ಎಂದು ಹಿಡಿದರೆ, ಪ್ರತಿ ಸದಸ್ಯರ ಪಾಲಿಗೆ 25ಕ್ಕೂ ಹೆಚ್ಚು ಮಧುಮೇಹಿಗಳು, 50ಕ್ಕೂ ಹೆಚ್ಚು ಪಾದಗಳು. ಇದು ಅಂದಾಜು ಮಾತ್ರ. ಆದರೆ ಹೆಸರು ಹಿಡಿದು ಮಾತನಾಡಿಸಬಹುದಾದಷ್ಟು ಸಣ್ಣ ಸಂಖ್ಯೆ.

ಈ ಪಾದಗಳಲ್ಲಿ ಯಾವುವು ಮರಗಟ್ಟಿವೆ ಎಂದು ತಿಳಿಯಲು ಯಂತ್ರ ಬೇಕಾಗಿಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿದ ಸರಳ ಪರೀಕ್ಷೆಯೊಂದಿದೆ. ಮಧುಮೇಹಿ ಕಣ್ಣು ಮುಚ್ಚಿರಬೇಕು. ಮನೆಯವರೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು, ಒತ್ತಬಾರದು, ಉಜ್ಜಬಾರದು. ಒಟ್ಟು 6 ಸ್ಪರ್ಶಗಳಲ್ಲಿ 2 ಅಥವಾ ಹೆಚ್ಚು ತಿಳಿಯದೆ ಹೋದರೆ ಆ ಪಾದಗಳು ಅಪಾಯದಲ್ಲಿವೆಯೆಂದು ಎಣಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಎಲ್ಲವೂ ತಿಳಿದರೂ ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ಪಾದ ಪರೀಕ್ಷೆ ತಪ್ಪಬಾರದು.

ನಿತ್ಯದ ಆರೈಕೆಯಲ್ಲಿ ಹೊಸತೇನೂ ಇಲ್ಲ. ರಾತ್ರಿ ಮಲಗುವ ಮುನ್ನ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡುವುದು. ಬಾಗಲಾಗದವರಿಗೆ ನೆಲದ ಮೇಲಿಟ್ಟ ಕನ್ನಡಿ, ಕಣ್ಣು ಮಂಜಾದವರಿಗೆ ಮೊಮ್ಮಕ್ಕಳ ಕಣ್ಣು. ತೊಳೆದ ಮೇಲೆ ಸಂದುಗಳ ತೇವ ಒರೆಸುವುದು. ಬಿರಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಸಂದುಗಳಿಗೆ ಬೇಡ. ಉಗುರನ್ನು ನೇರವಾಗಿ ಕತ್ತರಿಸುವುದು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಆಣಿಪಟ್ಟಿ ಅಂಟಿಸುವುದು ಇವೆರಡೂ ಕೂಡವು.

ಪಾದರಕ್ಷೆಯ ವಿಷಯ ಇಷ್ಟು ಸುಲಭವಲ್ಲ. ಹವಾಯಿ ಚಪ್ಪಲಿಯ ಉಂಗುಟ ಬೆರಳ ಸಂದನ್ನು ಕೊರೆಯುತ್ತದೆ. ಮರಗಟ್ಟಿದ ಕಾಲಿನಿಂದ ಚಪ್ಪಲಿ ಕಳಚಿಬಿದ್ದರೂ ಮಧುಮೇಹಿ ನಡೆದೇ ಹೋಗುತ್ತಾನೆ. ಹಿಂಬದಿಗೆ ಪಟ್ಟಿಯಿರುವ, ಒಳಗೆ ಮೆತ್ತಗೂ ಹೊರಗೆ ಗಟ್ಟಿಯೂ ಆದ ಪಾದರಕ್ಷೆ ಬೇಕು. ಪಾದ ಸ್ವಲ್ಪ ಊದಿರುವ ಸಂಜೆಯಲ್ಲಿ ಕೊಂಡರೆ ಅಳತೆ ಸರಿಬರುತ್ತದೆ. ಧರಿಸುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮೊಳೆ ನೋಡುವುದು ಅಭ್ಯಾಸವಾಗಬೇಕು. ದೇವಾಲಯದ ಅಂಗಳದ ಕಾದ ಚಪ್ಪಡಿ, ಬರಿಗಾಲಿನ ಪಾದಯಾತ್ರೆ, ಜಾತ್ರೆಯ ಕೊಂಡ ಇವುಗಳನ್ನು ಕುರಿತು ಮಾತನಾಡುವಾಗ ಭಕ್ತಿಗೆ ನೋವಾಗದಂತೆ ಹೇಳಬೇಕಾಗುತ್ತದೆ. ಹರಕೆಯನ್ನು ಮನೆಯ ಕಿರಿಯರೊಬ್ಬರು ತೀರಿಸಬಹುದು. ದರ್ಶನವನ್ನು ಬೆಳಗಿನ ತಂಪಿನಲ್ಲಿ ಮುಗಿಸಬಹುದು. ದೇವಾಲಯ ಸಮಿತಿಗಳು ನಡೆಯುವ ದಾರಿಗೆ ನಾರಿನ ಚಾಪೆ ಹಾಸಿದರೆ ಎಲ್ಲರಿಗೂ ಉಪಕಾರ.

ಗಾಯವಾದರೆ ಆ ದಿನವೇ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಕೀವು, ವಾಸನೆ, ಕಪ್ಪಾದ ಚರ್ಮ, ಮೇಲಕ್ಕೆ ಹರಡುವ ಕೆಂಪು, ಜ್ವರ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಗಾಯವಿಲ್ಲದೆಯೂ ಒಂದು ಪಾದ ಊದಿ, ಕೆಂಪಾಗಿ, ಮುಟ್ಟಿದರೆ ಇನ್ನೊಂದಕ್ಕಿಂತ ಬಿಸಿಯೆನಿಸಿದರೆ ಒಳಗೆ ಮೂಳೆಗಳು ಕುಸಿಯುತ್ತಿರಬಹುದು. ಅಂದೇ ಆ ಕಾಲಿನ ಮೇಲೆ ನಡೆಯುವುದನ್ನು ನಿಲ್ಲಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಅತ್ಯಂತ ಕಠಿಣವಾದ ಸಲಹೆಯೂ ಇದೇ: ಅಂಗಾಲಿನ ಗಾಯ ಮಾಯಬೇಕಾದರೆ ಅದರ ಮೇಲೆ ಭಾರ ಬೀಳಬಾರದು. ಔಷಧ, ಪಟ್ಟಿಗಳೆಲ್ಲ ಅನಂತರದ ಮಾತು. ದಿನಗೂಲಿಯಿಂದ ಬದುಕುವ ಕುಟುಂಬಕ್ಕೆ ವಾರಗಟ್ಟಲೆ ಕುಳಿತಿರಿ ಎಂದು ಹೇಳುವುದು ಸುಲಭ, ಪಾಲಿಸುವುದು ದುಸ್ತರ. ಕೂಲಿ ತಪ್ಪುವುದೆಂಬ ಭಯದಿಂದ ನಡೆದು ಕಾಲು ಕಳೆದುಕೊಂಡರೆ ಕೂಲಿಯೇ ಶಾಶ್ವತವಾಗಿ ತಪ್ಪುತ್ತದೆ. ವೈದ್ಯರ ಕೈಗೆ ನಿಲುಕದ, ಪಂಚಾಯಿತಿಯ ಕೈಗೆ ನಿಲುಕುವ ಕೆಲಸ ಇಲ್ಲಿದೆ. ವೈದ್ಯರ ಅನುಮತಿಯಿದ್ದಲ್ಲಿ ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿ ಮಕ್ಕಳನ್ನು ನೋಡಿಕೊಳ್ಳುವಂತಹ, ಕುಳಿತು ಮಾಡುವ ಕೆಲಸವನ್ನು ಇಂಥವರಿಗೆ ಮೊದಲು ನೀಡಬಹುದು. ಕಾಮಗಾರಿಯ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಕೇವಲ ಲೆಕ್ಕಕ್ಕಿರದೆ, ಮುಳ್ಳು ತಾಗಿದ ಕಾಲನ್ನು ಸ್ವಚ್ಛ ನೀರಿನಿಂದ ತೊಳೆದು ಶುದ್ಧ ಪಟ್ಟಿ ಕಟ್ಟಲು ಒದಗಬೇಕು. ಈ ಹೊಣೆಯನ್ನು ಕಾಯಕ ಬಂಧುಗಳಿಗೆ ವಹಿಸಬಹುದು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಪಾದ ಪರೀಕ್ಷೆಯನ್ನು ಸೇರಿಸುವಂತೆ ಕೋರಲಾಗಿದೆ. ಸಮುದಾಯ ಆರೋಗ್ಯಾಧಿಕಾರಿ ಹಾಗೂ ಆಶಾ ಕಾರ್ಯಕರ್ತೆಯರು ಸಕ್ಕರೆ, ರಕ್ತದೊತ್ತಡ ಅಳೆಯುವ ದಿನವೇ ಪಾದಗಳನ್ನೂ ನೋಡಿದರೆ ಪ್ರತ್ಯೇಕ ಶಿಬಿರದ ಅಗತ್ಯವಿಲ್ಲ. ಮಧುಮೇಹಿಗಳ ಪಟ್ಟಿ ಆರೋಗ್ಯ ಸಿಬ್ಬಂದಿಯ ಬಳಿಯೇ ಇರಲಿ. ಗ್ರಾಮ ಸಭೆಯಲ್ಲಿ ಹೆಸರು ಓದತಕ್ಕದ್ದಲ್ಲ.

ಮಧ್ಯಾಹ್ನದ ಅವಧಿಯಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳು ಇಚ್ಛಿಸುವ ಸದಸ್ಯರ ಪಾದಗಳನ್ನು ಪರೀಕ್ಷಿಸಲಿದ್ದಾರೆ. ಚಪ್ಪಲಿಗಳನ್ನು ಬಾಗಿಲ ಹೊರಗೆ ಬಿಡದೆ ಕೈಯಲ್ಲಿ ತರಬೇಕಾಗಿ ವಿನಂತಿ, ಅವುಗಳನ್ನೂ ನೋಡಲಾಗುವುದು.